ಕಪ್ಪೆಯ ಚರ್ಮದಲ್ಲಿ ಸಿಕ್ಕ ಮದ್ದು

ಮೊಣಕೈ ತರಚಿದ ಗಾಯ ಯಾವ ಮುಲಾಮೂ ಇಲ್ಲದೆ ಒಣಗಿದ್ದು ನೋಡಿ ಇವತ್ತು ಅಮೆರಿಕದ ವಿಜ್ಞಾನಿ ಮೈಕೆಲ್ ಜಾಸ್ಲಾಫ್ ಅವರ ಕಪ್ಪೆಗಳು ನೆನಪಾದವು. ಆಪರೇಷನ್ ಆದ ಕಪ್ಪೆಗಳನ್ನು ಅವರು ಕ್ರಿಮಿಗಳಿದ್ದ ತೊಟ್ಟಿ ನೀರಿಗೇ ವಾಪಸ್ ಬಿಡುತ್ತಿದ್ದರು, ಆದರೂ ಗಾಯ ಕೀವಾಗದೆ ಮಾಯುತ್ತಿತ್ತು. ಯಾಕೆ ಅಂತ ಹುಡುಕಿದಾಗ ಚರ್ಮದಲ್ಲಿ ಸಿಕ್ಕಿದ್ದು ಕ್ರಿಮಿ ಕೊಲ್ಲುವ ಪುಟ್ಟ ಪೆಪ್ಟೈಡ್‌ಗಳು, ಅಂದರೆ ಅಮೈನೋ ಆಮ್ಲಗಳು ಪೋಣಿಸಿದ ಪ್ರೋಟೀನಿನಂಥ ಚಿಕ್ಕ ಸರಗಳು. 1987ರಲ್ಲಿ ಅವಕ್ಕೆ ಮಗೈನಿನ್ ಅಂತ ಹೆಸರಿಟ್ಟರು.

ನಮ್ಮ ಮೈಯಲ್ಲೂ ಇಂಥವು ಇವೆ. ಎಲ್‌ಎಲ್-37 ಅಂತ ಒಂದು, ಬರೀ 37 ಅಮೈನೋ ಆಮ್ಲಗಳ ಸರ. ಇವುಗಳಲ್ಲಿ ಧನ ವಿದ್ಯುದಂಶ ಜಾಸ್ತಿ, ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣ ಜಾಸ್ತಿ, ಹಾಗಾಗಿ ಹೋಗಿ ಅಂಟಿಕೊಂಡು ಅದರ ಪೊರೆಯನ್ನೇ ಹಾಳು ಮಾಡುತ್ತವೆ; ನಮ್ಮ ಜೀವಕೋಶಗಳ ಹೊರಮೈಯಲ್ಲಿ ಆ ಋಣ ಅಷ್ಟಿಲ್ಲ, ಅದಕ್ಕೇ ಅವುಗಳ ತಂಟೆಗೆ ಅಷ್ಟಾಗಿ ಹೋಗಲ್ಲ. ಎಷ್ಟು ಚೆಂದದ ಗುರುತು ಅಲ್ವಾ?

ಔಷಧಿ ಮಾಡೋದು ಮಾತ್ರ ಸುಲಭ ಅಲ್ಲ. ಮೈಯೊಳಗಿನ ಕಿಣ್ವಗಳು ಇವನ್ನು ಬೇಗ ಕತ್ತರಿಸಿ ಹಾಕುತ್ತವೆ, ಡೋಸ್ ಹೆಚ್ಚಾದರೆ ನಮ್ಮ ಕೋಶಗಳಿಗೂ ಪೆಟ್ಟು. ಬ್ಯಾಕ್ಟೀರಿಯಾದಿಂದಲೇ ಬಂದ ಕೊಲಿಸ್ಟಿನ್ ಅನ್ನೋ ಔಷಧಿ ಇದೇ ಥರದ್ದು, ಬೇರೆ ಆಂಟಿಬಯೋಟಿಕ್‌ಗಳು ಸೋತಾಗ ಕೊಡುತ್ತಾರೆ, ಆದರೆ ಕಿಡ್ನಿಗೆ ತೊಂದರೆ ಆಗಬಹುದು. ಆದರೂ ಈ ದಾರಿ ಮೇಲೆ ನನಗೆ ತುಂಬಾ ಆಸೆ ಇದೆ, ಮೊದಲು ಚರ್ಮದ ಗಾಯಗಳಿಗಾದರೂ ಇಂಥ ಒಳ್ಳೆ ಮುಲಾಮು ಬರಲಿ.