ಉಗಾಂಡದ ನೀರಿನ ಸೇವೆಯನ್ನು ನಿಲ್ಲಿಸಿದ್ದೇಕೆ

ವಿರಾಜಪೇಟೆ ಸುತ್ತಮುತ್ತಲಿನ ಕೆಲವು ಕ್ರೈಸ್ತ ಕುಟುಂಬಗಳು ಸೇರಿ, ಉಗಾಂಡದ ಬಡ ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸಲು ಬಹಳ ವರ್ಷಗಳಿಂದ ನಡೆಸಿಕೊಂಡು ಬಂದ ಸೇವೆಯನ್ನು ಈಸ್ಟರ್‌ಗೆ ಮುಂಚಿನ ಈ ತಪಸ್ಸುಕಾಲಕ್ಕೆ ಮುಗಿಸಿದ್ದೇವೆ. ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವನು ನಾನಾದ್ದರಿಂದ, ಊರಿನಲ್ಲಿ ಇಲ್ಲದ ಕಾರಣಗಳು ಹುಟ್ಟಿಕೊಳ್ಳುವ ಮೊದಲೇ ಇದ್ದ ಕಾರಣವನ್ನು ಬರೆಯುತ್ತಿದ್ದೇನೆ. ಹಣ ಸಾಲದೆ ನಿಲ್ಲಿಸಿದ್ದಲ್ಲ. ಕಾಫಿಗೂ ಕರಿಮೆಣಸಿಗೂ ಬೆಲೆ ಬಿದ್ದ ವರ್ಷಗಳಲ್ಲಿ ಸಹ ಜನ ಕೈ ಬಿಗಿಹಿಡಿಯಲಿಲ್ಲ.

ನಾವು ಹಾಕಿಸುತ್ತಿದ್ದುದು ನಮ್ಮ ದೇಶದ್ದೇ ಆದ ಇಂಡಿಯಾ ಮಾರ್ಕ್ 2 ಮಾದರಿಯ ಪಂಪು. ಉಗಾಂಡದಲ್ಲಿ ಅದಕ್ಕೆ ಯು2 ಎಂಬ ಹೆಸರಿದೆ. ಎರಕದ ಕಬ್ಬಿಣದ ಪಂಪುಗಳು ಪದೇ ಪದೇ ಮುರಿಯುತ್ತಿದ್ದುದನ್ನು ಕಂಡು ಮಹಾರಾಷ್ಟ್ರದ ಜಾಲ್ನಾ ಮತ್ತು ಸೊಲ್ಲಾಪುರಗಳಲ್ಲಿ ಮಿಷನ್‌ನವರು ಉಕ್ಕಿನ ಪಂಪುಗಳನ್ನು ರೂಪಿಸಿದ್ದರು. 1970ರ ದಶಕದಲ್ಲಿ ಸೊಲ್ಲಾಪುರದ ಮಾದರಿಯನ್ನೇ ಆಧಾರವಾಗಿಟ್ಟುಕೊಂಡು ಯುನಿಸೆಫ್, ಸರ್ಕಾರ ಮತ್ತು ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆ ಸೇರಿ ಮಾರ್ಕ್ 2 ಅನ್ನು ಸಿದ್ಧಪಡಿಸಿದವು. ಇಂಥ ಗಟ್ಟಿ ಪಂಪನ್ನು ಒಮ್ಮೆ ಹಾಕಿಸಿಬಿಟ್ಟರೆ ನಮ್ಮ ಕರ್ತವ್ಯ ಮುಗಿಯಿತೆಂಬ ನಂಬಿಕೆ ನಮ್ಮ ಸಭೆಗಳಲ್ಲಿ ಬಹುಕಾಲ ಇತ್ತು.

ಕೆಟ್ಟದ್ದು ಪಂಪಲ್ಲ, ಪೈಪು. ಅಲ್ಲಿನ ಸಿಸ್ಟರ್ ಒಬ್ಬರು ಕಳುಹಿಸಿದ ವೀಡಿಯೊದಲ್ಲಿ ಬೆಳಗಿನ ಮೊದಲ ಕೊಡದ ನೀರು ಇಟ್ಟಿಗೆ ಬಣ್ಣಕ್ಕಿತ್ತು. ಮೆಕ್ಯಾನಿಕ್ ಒಂದೊಂದೇ ಪೈಪನ್ನು ಮೇಲೆತ್ತಿ ನೆಲದ ಮೇಲೆ ಸಾಲಾಗಿ ಮಲಗಿಸುತ್ತಿದ್ದ. ಪೈಪಿಗೆ ಪೈಪು ಜೋಡಿಸುವ ತಿರುಪಿನ ಬಳಿ ಕಬ್ಬಿಣ ತಿಂದುಹೋಗಿ, ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿತ್ತು. ಹುಳಿ ಮಣ್ಣಿಗೆ ಸುಣ್ಣ ಹಾಕಿ ತೋಟ ಮಾಡುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ: ನೀರಿನಲ್ಲಿ ಹುಳಿ ಅಂಶ ಹೆಚ್ಚಿದ್ದರೆ ಜಿಐ ಪೈಪಿನ ಸತುವಿನ ಲೇಪ ಬೇಗ ಕರಗಿ ಕಬ್ಬಿಣ ತುಕ್ಕಾಗುತ್ತದೆ. ಆ ನೀರಿನಲ್ಲಿ ಒಗೆದ ಬಟ್ಟೆಗೆ ಕಲೆ ಹಿಡಿಯುತ್ತದೆ, ಬೇಯಿಸಿದ ಅಡುಗೆ ಕಪ್ಪಾಗುತ್ತದೆ. ಹೆಂಗಸರು ಬೇಸತ್ತು ಮತ್ತೆ ಹಳೆಯ ಹೊಂಡದ ನೀರಿಗೇ ಹೋಗುತ್ತಾರೆ. ಉಗಾಂಡ ಸರ್ಕಾರವು 2016ರಲ್ಲಿ ಕೈಪಂಪುಗಳಿಗೆ ಜಿಐ ಪೈಪು ಬಳಸುವುದನ್ನೇ ನಿಲ್ಲಿಸುವಂತೆ ಆದೇಶಿಸಿತು. ಗ್ರಾಮೀಣ ನೀರು ಸರಬರಾಜಿನಲ್ಲಿ ಕೆಲಸ ಮಾಡುವವರ ಅಂತಾರಾಷ್ಟ್ರೀಯ ಜಾಲವೊಂದು 2009ರಲ್ಲಿ ಕಲೆಹಾಕಿದ ಅಂದಾಜಿನಂತೆ, ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದ ಕೈಪಂಪುಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಪಂಪುಗಳು ಕೆಟ್ಟು ನಿಂತಿದ್ದವು.

ಹೀಗಿರುವಾಗ ಅಲ್ಲಿಗೆ ಬೇಕಾದದ್ದು ವರ್ಷಕ್ಕೊಂದು ಹೊಸ ಬಾವಿಯಲ್ಲ. ರಬ್ಬರ್ ಸೀಲು, ಚೈನು, ಬೇರಿಂಗು, ಒಳ್ಳೆಯ ಪೈಪು, ಕರೆದ ದಿನ ಬರುವ ಮೆಕ್ಯಾನಿಕ್, ಅವನ ಕೂಲಿಗೆ ಮನೆಗಿಷ್ಟೆಂದು ವಂತಿಗೆ ಎತ್ತುವ ಊರಿನ ಸಮಿತಿ. ಇದನ್ನು ಕೊಡಗಿನಲ್ಲಿ ಕುಳಿತು ನಡೆಸಲಾಗದು. ನಾವು ಹಣ ಕಳುಹಿಸುತ್ತಲೇ ಇದ್ದರೆ, ಪಂಪು ಕೆಟ್ಟಾಗ ವಂತಿಗೆ ಎತ್ತುವ ಬದಲು ಕೊಡಗಿನವರ ಮುಂದಿನ ಬಾವಿಗಾಗಿ ಕಾಯುವುದೇ ಅಲ್ಲಿನ ರೂಢಿಯಾಗುತ್ತದೆ. ಎರಡು ಊರುಗಳಲ್ಲಿ ಆಗಲೇ ಹಾಗಾಗಿತ್ತು. ದಾನಿಗಳಿಗಾದರೋ ವಾಷರಿಗೆ ಹಣ ಕೊಡುವ ಉತ್ಸಾಹವಿರುವುದಿಲ್ಲ; ವಾಷರಿನ ಮೇಲೆ ಹೆಸರು ಕೆತ್ತಿಸಲು ಜಾಗ ಸಾಲದಲ್ಲ!

ನಮ್ಮ ತೋಟದ ಆಳುಗಳ ಲೈನ್ ಮನೆಗಳಿಗೇ ನೀರಿಲ್ಲದಿರುವಾಗ ಆಫ್ರಿಕಾ ಏಕೆ ಎಂದು ಕೇಳುತ್ತಿದ್ದವರಿಗೆ ಈಗ ತಾವು ಗೆದ್ದಂತೆ ಅನ್ನಿಸಿರಬಹುದು. ಅವರ ಮಾತನ್ನು ನಾನು ಒಪ್ಪಿಲ್ಲ. 1792ರ ಹೊತ್ತಿಗೆ, ಹೊರಗಿನಿಂದ ಓಡಿಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಅರಸರು ವಿರಾಜಪೇಟೆಯಲ್ಲಿ ಜಾಗ ಕೊಟ್ಟಾಗ ನಮ್ಮವರಿಗೆಷ್ಟು, ಪರರಿಗೆಷ್ಟು ಎಂದು ಅಳೆದು ಕೊಟ್ಟಿರಲಿಲ್ಲ. ಆದರೆ ಮಾರ್ಚ್ ತಿಂಗಳಲ್ಲಿ ರೊಬಸ್ಟಾ ಕಾಫಿಯ ಹೂವಿಗೆಂದು ಹೊಳೆಯ ನೀರನ್ನೆಲ್ಲ ಸ್ಪ್ರಿಂಕ್ಲರಿಗೆ ಎತ್ತಿ, ಅದೇ ತೋಟದ ಆಳುಗಳು ಟ್ಯಾಂಕರಿಗೆ ಕಾಯುವಂತೆ ಮಾಡುವುದರ ಬಗ್ಗೆ ಮಾತಾಡಲೇಬೇಕು. ಅದಕ್ಕೆ ದಾನದ ಹಣ ಬೇಕಿಲ್ಲ, ತೋಟದ ಮಾಲೀಕರು ಮನಸ್ಸು ಮಾಡಬೇಕಷ್ಟೆ.

ಕೊನೆಯ ಸಭೆಯಲ್ಲಿ ಹಿರಿಯರೊಬ್ಬರು, ಉಳಿದ ಹಣದಲ್ಲಿ ನೆನಪಿಗೊಂದು ಬಾವಿ ಕೊರೆಸಿ ಕಲ್ಲು ನೆಡೋಣವೆಂದರು. ಅವರ ಮೇಲೆ ನನಗೆ ಗೌರವವಿದ್ದರೂ ಗಟ್ಟಿಯಾಗಿಯೇ ವಿರೋಧಿಸಿದೆ, ಹೆಚ್ಚಿನವರು ನನ್ನ ಜೊತೆ ನಿಂತರು. ಆ ಹಣದಲ್ಲಿ ಈಗಿರುವ ಪಂಪುಗಳ ತುಕ್ಕು ಹಿಡಿದ ಪೈಪುಗಳನ್ನು ತೆಗೆಸಿ ಸ್ಟೇನ್‌ಲೆಸ್ ಸ್ಟೀಲಿನವನ್ನು ಹಾಕಿಸಲಾಗುತ್ತಿದೆ. ಪೈಪು ಎತ್ತುವ ಸಲಕರಣೆಗಳನ್ನು ಅಲ್ಲಿನ ಕೈಪಂಪು ಮೆಕ್ಯಾನಿಕ್‌ಗಳ ಸಂಘಕ್ಕೆ ಬಿಟ್ಟುಕೊಡುತ್ತಿದ್ದೇವೆ. ಮುಂದೆ ಹಣ ಬರುವುದಿಲ್ಲವೆಂದು ಪ್ರತಿಯೊಂದು ಊರಿನ ಸಮಿತಿಗೂ ಮೊದಲೇ ಪತ್ರ ಹೋಗಿದೆ. ಪೈಪುಗಳ ಕೊನೆಯ ಬಿಲ್ಲು ಬಂದ ಮೇಲೆ ಪೂರ್ತಿ ಲೆಕ್ಕವನ್ನು ಭಾನುವಾರದ ಪೂಜೆಯ ನಂತರ ಓದಿ ಹೇಳುತ್ತೇನೆ. ಅದಕ್ಕೂ ಮೊದಲು ನೋಡಬೇಕೆನ್ನುವವರು ಮನೆಗೆ ಬಂದರೆ ಪುಸ್ತಕ ತೋರಿಸುತ್ತೇನೆ.