ಗ್ರಾಫಿನಲ್ಲಿ ಹರಪನಹಳ್ಳಿ ಎಲ್ಲಿ ಹೋಯ್ತು?

ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ನಾನು ಈಗ ದಾವಣಗೆರೆಯಲ್ಲಿದ್ದು ಪತ್ರಿಕೆಯೊಂದಕ್ಕೆ ಡೇಟಾ ಕೆಲಸ ಮಾಡುತ್ತೇನೆ. 'ಈ ಕೆಲಸಕ್ಕೆ ಏನು ಕಲಿಯಬೇಕು ಸಾರ್?' ಅಂತ ಹುಡುಗರು ಕೇಳುತ್ತಾರೆ. ಪೈಥಾನ್, ಎಕ್ಸೆಲ್ ಹೇಗೂ ಕಲಿಯುತ್ತೀರಿ. ನಿಮ್ಮ ಜಿಲ್ಲೆ ಹೇಗೆ ಹುಟ್ಟಿತು ಅನ್ನೋದನ್ನೂ ಓದಿಕೊಳ್ಳಿ.

ಯಾಕೆ ಅಂದ್ರೆ, ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದವು, ಹರಪನಹಳ್ಳಿ ಬಳ್ಳಾರಿಯದು. ಆಮೇಲೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ಸೌಲಭ್ಯಕ್ಕಾಗಿ ಜನ ಹೋರಾಡಿದ ಮೇಲೆ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಸೇರಿತು. ಈಗ ಅದು ವಿಜಯನಗರ ಜಿಲ್ಲೆಯಲ್ಲಿದೆ. ಹೀಗಿರುವಾಗ 2011ರ ಮೆಕ್ಕೆಜೋಳದ ಬಿತ್ತನೆ ಲೆಕ್ಕವನ್ನು ಇವತ್ತಿನ ಜಿಲ್ಲೆಯ ಲೆಕ್ಕದ ಪಕ್ಕ ಇಟ್ಟರೆ, ರೈತರು ಬೆಳೆಯನ್ನೇ ಬಿಟ್ಟರೇನೋ ಅನ್ನಿಸುತ್ತದೆ. ಬಿಟ್ಟು ಹೋಗಿದ್ದು ತಾಲ್ಲೂಕು! ಅದಕ್ಕೇ ನಾನು ಜಿಲ್ಲೆಯ ಮೊತ್ತ ಮುಟ್ಟುವುದಿಲ್ಲ, ತಾಲ್ಲೂಕುವಾರು ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಸಂಶೋಧನಾ ಪ್ರಬಂಧದಲ್ಲಾದರೆ ಇದನ್ನು ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದರೆ ಸಾಕು, ಓದುವವರು ಓದುತ್ತಾರೆ. ಪತ್ರಿಕೆಯಲ್ಲಿ ಅದನ್ನು ಯಾರೂ ನೋಡಲ್ಲ. 'ಸಾರ್, ಏರಿತಾ ಇಳಿತಾ ಅಷ್ಟು ಹೇಳಿ' ಅನ್ನುತ್ತಾರೆ ಉಪಸಂಪಾದಕರು. ಅವರು ಕೇಳುವುದೂ ನ್ಯಾಯವೇ, ಓದುಗರಿಗೆ ಬೇಕಾಗಿರೋದೂ ಅದೇ ಅಲ್ವಾ? ಹಾಗಾಗಿ ಗಡಿ ಬದಲಾದ ವಿಷಯ ಮೊದಲ ಪ್ಯಾರಾದಲ್ಲೇ ಬರಬೇಕು ಅಂತ ಹಟ ಹಿಡಿಯುತ್ತೇನೆ.

ಎಪಿಎಂಸಿ ದರದ ವಿಷಯದಲ್ಲಿ ನನ್ನ ಹಟ ಇನ್ನೂ ಜಾಸ್ತಿ. ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ದರ ಇರುತ್ತವೆ. ಹೆಚ್ಚಿನ ವ್ಯಾಪಾರ ನಡೆದ ದರವೇ ಮಾದರಿ ದರ. ಕೊಯ್ಲಿನ ಸಮಯದಲ್ಲಿ ಮಳೆ ಬಂದರೆ ಹಸಿ ಕಾಳು ಮಾರುಕಟ್ಟೆಗೆ ಬರುತ್ತದೆ. ಬೆಂಬಲ ಬೆಲೆಗೆ ಮೆಕ್ಕೆಜೋಳದ ತೇವಾಂಶ ಶೇ 14 ದಾಟಬಾರದು, ವರ್ತಕರೂ ತೇವ ನೋಡಿಯೇ ಬೆಲೆ ಇಳಿಸುತ್ತಾರೆ. ಆ ಹಸಿ ಲಾಟಿನ ಕನಿಷ್ಠ ದರ ಹಿಡಿದು 'ಬೆಲೆ ಕುಸಿತ' ಅಂತ ಶೀರ್ಷಿಕೆ ಕೊಟ್ಟರೆ, ಕಾಳು ಚೆನ್ನಾಗಿ ಒಣಗಿಸಿಟ್ಟ ರೈತನೂ ಹೆದರಿ ಸಿಕ್ಕಿದ ಬೆಲೆಗೆ ಮಾರಿಬಿಡಬಹುದು. ಒಂದು ಸಾಲಿನ ಸುದ್ದಿಯಿಂದ ಅವನ ವರ್ಷದ ದುಡಿಮೆ ಹೋಗುತ್ತದೆ. ಅದಕ್ಕೇ ಬೆಲೆ ಇಳಿದ ದಿನ ಮಾರುಕಟ್ಟೆಗೆ ಫೋನ್ ಮಾಡಿ 'ಕಾಳು ಹಸಿಯಾ, ಒಣಗಿದ್ದಾ?' ಅಂತ ಕೇಳುತ್ತೇನೆ. ಈ ಅಭ್ಯಾಸ ಕಲಿಸಿದ್ದು ವಿಶ್ವವಿದ್ಯಾಲಯ ಅಲ್ಲ, ವರದಿಗಾರರು.

ಈಗ ನಮ್ಮ ಪುಟದಲ್ಲಿ ಮೂರೂ ದರ, ಜೊತೆಗೆ ಆವಕ ಎಷ್ಟು ಕ್ವಿಂಟಾಲ್ ಅನ್ನೋದೂ ಬರುತ್ತದೆ. ತೇವಾಂಶಕ್ಕೂ ಒಂದು ಸಾಲು ಜಾಗ ಕೊಡಿ ಅಂತ ಕೇಳುತ್ತಲೇ ಇದ್ದೇನೆ.