ನಿನ್ನೆಗಿಂತ ವಾಸಿನಾ?

ನ್ಯುಮೋನಿಯಾ ಜೋರಾಗಿ ದೊಡ್ಡಪ್ಪನನ್ನು ಜಗಳೂರು ಕಡೆಯಿಂದ ದಾವಣಗೆರೆಗೆ ಕರೆತಂದ ರಾತ್ರಿಯೇ ವೆಂಟಿಲೇಟರ್ ಹಾಕಿದರು. ಆಸ್ಪತ್ರೆ ಯಾವುದು ಅಂತ ಬೇಡ, ಚಿಕಿತ್ಸೆಗೆ ಹೆಸರಿಡುವ ಹಾಗಿರಲಿಲ್ಲ. ನಾನು ಹೇಳಹೊರಟಿರುವುದು ಐಸಿಯು ಬಾಗಿಲಿನ ಈಚೆಗಿದ್ದ ನಮ್ಮ ಪಾಡು.

ಕಾರಿಡಾರಿನ ತುಂಬ ಚಾಪೆ, ಫ್ಲಾಸ್ಕು, ಮಂಡಕ್ಕಿ ಪೊಟ್ಟಣ. ಹರಿಹರದವರು, ಹೊನ್ನಾಳಿಯವರು, ಹರಪನಹಳ್ಳಿಯವರು. "ಇಂಥವರ ಕಡೆಯೋರು ಯಾರ್ರಿ?" ಎಂದು ಸೆಕ್ಯುರಿಟಿ ಕೂಗಿದರೆ ಎಲ್ಲರ ಎದೆಯೂ ಒಮ್ಮೆ ಧಸಕ್ಕೆನ್ನುತ್ತಿತ್ತು. ಹೆಚ್ಚಿನ ಸಲ ಅದು ಔಷಧಿ ಚೀಟಿ, ಇಲ್ಲವೇ ಒಂದು ಸಹಿ. ಚೀಟಿ ಹಿಡಿದು ಮೆಡಿಕಲ್‌ಗೆ ಓಡುವಾಗ ತಲೆಯಲ್ಲಿ ನಮ್ಮದೇ ಲೆಕ್ಕ: ಇವತ್ತು ಇಷ್ಟೊಂದು ಇಂಜೆಕ್ಷನ್ ಬರೆದಿದ್ದಾರೆ, ಹಾಗಾದ್ರೆ ಜಾಸ್ತಿಯಾಗಿರಬೇಕು. ಯಾರೂ ಮಾತಾಡದಿದ್ದರೆ ಜನ ಚೀಟಿ ಓದುತ್ತಾರೆ, ನರ್ಸುಗಳ ಮುಖ ಓದುತ್ತಾರೆ.

ರೌಂಡ್ಸ್ ಮುಗಿಸಿ ಬಂದ ಡಾಕ್ಟರು ನಿಂತಲ್ಲೇ ಹೇಳಿದರು: "ಆಕ್ಸಿಜನ್ 80ರಲ್ಲಿ ಇಟ್ಟಿದ್ದೀವಿ, ಬಿಪಿಗೆ ಸಪೋರ್ಟ್ ಹೋಗ್ತಿದೆ, ಕ್ರಿಯಾಟಿನಿನ್ ನೋಡ್ತಿದ್ದೀವಿ." ದೊಡ್ಡಪ್ಪನ ಮಗ ಅದನ್ನು ನೂರಕ್ಕೆ ಎಂಬತ್ತು ವಾಸಿ ಎಂದು ತಿಳಿದ. ಬೆಂಗಳೂರಿನ ಭಾವ ಫೋನಿನಲ್ಲಿ ಕೇಳಿ, ರಕ್ತದಲ್ಲೇ ಆಕ್ಸಿಜನ್ 80ಕ್ಕೆ ಇಳಿದಿದೆ ಎಂದು ಗಾಬರಿಯಾದರು. ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೇಗಿದೆ ಎಂದು ತಿಳಿಯುವ ರಕ್ತಪರೀಕ್ಷೆ; ಸುದ್ದಿ ಊರು ಮುಟ್ಟುವಷ್ಟರಲ್ಲಿ ಡಯಾಲಿಸಿಸ್ಸೂ ಆಗಿಹೋಗಿತ್ತು! ದೊಡ್ಡಮ್ಮನಿಗೆ ಈ ಯಾವ ನಂಬರೂ ಬೇಕಿರಲಿಲ್ಲ. ಬೆಳಿಗ್ಗೆ ಒಳಗೆ ಬಿಟ್ಟಾಗ ಅವಳು ಬೇರೆ ಏನನ್ನೋ ನೋಡಿ ಬಂದಿದ್ದಳು. "ಕೈ ಕಟ್ಟಿಬಿಟ್ಟಾರಲ್ಲೋ, ಯಾಕೋ?"

ಬಿಡಿಸಿ ಹೇಳಿದ್ದು ರಾತ್ರಿ ಪಾಳಿಯ ಸಿಸ್ಟರ್. ಅರೆಪ್ರಜ್ಞೆಯಲ್ಲಿ ರೋಗಿ ಬಾಯಿಗೆ ಹಾಕಿದ ನಳಿಗೆಯನ್ನೇ ಕಿತ್ತುಕೊಳ್ಳಬಹುದು, ಅದಕ್ಕೇ ಕೈ ಸಡಿಲವಾಗಿ ಕಟ್ಟಿರುವುದು. ಮಂಪರು ನಾವೇ ಕೊಟ್ಟ ಔಷಧಿಯದು. ಊಟ ಮೂಗಿನ ನಳಿಗೆಯಲ್ಲಿ ಹೋಗುತ್ತಿದೆ. ಕೇಳಿಸುತ್ತಿರಬಹುದು, ಹೆಸರು ಹಿಡಿದು ಮಾತಾಡಿಸಿ. ಇನ್ನು ಆ 80? ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಇರುವುದು ಶೇ. 21, ಇವರಿಗೆ ಶೇ. 80 ಕೊಡಬೇಕಾಗಿದೆ. ಅದು ಇಳಿಯುತ್ತ ಬಂದರೆ ಒಳ್ಳೆಯದು.

ಮರುದಿನ ಡಾಕ್ಟರನ್ನು ನೇರ ಕೇಳಿದೆ: "ನಿನ್ನೆ 80 ಇತ್ತಲ್ಲ ಸರ್, ಇವತ್ತು?" ಅವರು ನನ್ನನ್ನು ಒಂದು ಗಳಿಗೆ ನೋಡಿ ಕುರ್ಚಿ ಎಳೆದುಕೊಂಡರು. 60ಕ್ಕೆ ಬಂದಿದೆ, ಬಿಪಿ ಬೀಳದಂತೆ ಕೊಡ್ತಿದ್ದ ಔಷಧಿ ಅರ್ಧ ಇಳಿಸಿದ್ದೀವಿ, ಆದರೆ ಕಿಡ್ನಿ ಇನ್ನೂ ಚೇತರಿಸಿಕೊಂಡಿಲ್ಲ. ನಳಿಗೆ ಬಹಳ ದಿನ ಇಡಬೇಕಾಗಿ ಬಂದರೆ ಕುತ್ತಿಗೆಯಲ್ಲಿ ರಂಧ್ರ ಮಾಡಬೇಕಾದೀತು, ಆಗ ನಿಮ್ಮನ್ನು ಕೇಳಿಯೇ ಮಾಡ್ತೀವಿ. (ಅದು ಬೇಕಾಗಲಿಲ್ಲ.) ಒಳ್ಳೆಯದು ಕೆಟ್ಟದ್ದು ಎರಡೂ ಇದ್ದ ಆ ಮಾತು ಕೇಳಿದ ಮೇಲೆಯೇ ನಮ್ಮವರು ಕೆಳಗಿಳಿದು ಹೊಟ್ಟೆ ತುಂಬ ಉಂಡದ್ದು.

ಆಮೇಲೆ ಹುಡುಕಿ ಓದಿದಾಗ ತಿಳಿಯಿತು, ಇದು ನಮ್ಮೊಬ್ಬರ ಗೋಳಲ್ಲ. 1979ರಲ್ಲೇ ಅಮೆರಿಕದ ನರ್ಸ್ ನ್ಯಾನ್ಸಿ ಮೋಲ್ಟರ್ ಇಂಥ ರೋಗಿಗಳ 40 ಮಂದಿ ಸಂಬಂಧಿಕರ ಮುಂದೆ 45 ಅಗತ್ಯಗಳ ಪಟ್ಟಿ ಇಟ್ಟು ವಿಚಾರಿಸಿದ್ದರು. ಭರವಸೆ ಇದೆ ಅನ್ನಿಸಬೇಕು ಎಂಬುದು ಮೊದಲ ಸ್ಥಾನದಲ್ಲಿತ್ತು. 2000ದಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ, ಡಾಕ್ಟರ ಜೊತೆ ಮಾತಾಡಿದ ಮೇಲೂ ಸುಮಾರು ಅರ್ಧದಷ್ಟು ಮನೆಯವರಿಗೆ ರೋಗವೋ ಚಿಕಿತ್ಸೆಯೋ ಮುಂದಿನ ಗತಿಯೋ ಸರಿಯಾಗಿ ತಲೆಗೆ ಹೋಗಿರಲಿಲ್ಲ. ಅಷ್ಟು ಹಾಸಿಗೆ ನೋಡುವ ಡಾಕ್ಟರಿಗೆ ಪುರುಸೊತ್ತಿಲ್ಲ, ಒಪ್ಪುತ್ತೇನೆ. ಆದರೆ ಕುರ್ಚಿ ಎಳೆದುಕೊಂಡ ಆ ದಿನವೂ ಅವರಿಗೆ ಹಿಡಿದದ್ದು ಐದೇ ನಿಮಿಷ. ನಮಗೆ ಬೇಕಿದ್ದುದೂ ಅಷ್ಟೇ: ದಿನಕ್ಕೊಂದು ಹೊತ್ತು, ಮನೆಯವರಲ್ಲಿ ಗೊತ್ತುಮಾಡಿದ ಒಬ್ಬರಿಗೆ, ನಿನ್ನೆಯ ಜೊತೆ ಹೋಲಿಸಿ ಹೇಳುವ ಮಾತು.

ಎದ್ದು ಹೊರಡುವಾಗ ಡಾಕ್ಟರು "ಇನ್ನೇನಾದ್ರೂ ಕೇಳೋದಿದೆಯಾ ಅಮ್ಮ?" ಎಂದರು. ಅಲ್ಲಿಯವರೆಗೆ ಬಾಯಿ ಬಿಡದ ದೊಡ್ಡಮ್ಮ ಕೇಳಿದಳು: "ರಾತ್ರಿ ಏನಾರ ಆದ್ರೆ ಯಾರಿಗೆ ಫೋನ್ ಮಾಡ್ತೀರಿ? ನನ್ನ ಮಗಗೆ ಮಾಡಬ್ಯಾಡ್ರಿ, ಮಲಗಿದ್ರೆ ಏಳಲ್ಲ ಅವ. ನನ್ನ ನಂಬರ್ ಬರ್ಕೊಳ್ರಿ."

ಡಾಕ್ಟರು ಕೇಸ್ ಶೀಟಿನ ಮೇಲೇ ಬರೆದುಕೊಂಡರು.